ಪುಟ್ಟಕ್ಕ ಗೊತ್ತು, ಸಾಕವ್ವ ಗೊತ್ತಾ?

ಒಂದು ಕೆಲಸ ಮಾಡಿ. ಇದನ್ನು ಓದುತ್ತಿರುವ ಫೋನಿನಲ್ಲೇ ‘ಉಮಾಶ್ರೀ’ ಅಂತ ಟೈಪ್ ಮಾಡಿ ಹುಡುಕಿ. ಮೊದಲು ಬರುವುದು ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ತುಣುಕುಗಳು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ದಡ ಸೇರಿಸಲು ಒದ್ದಾಡುವ ತಾಯಿ, ಹಣೆ ಮೇಲೆ ದೊಡ್ಡ ಕುಂಕುಮ, ಸೆರಗಿನ ತುದಿಯಲ್ಲಿ ಒರೆಸಿಕೊಳ್ಳುವ ಕಣ್ಣು. ಸ್ವಲ್ಪ ಕೆಳಗೆ ಸರಿಸಿದರೆ ಹಳೆಯ ಕಾಮಿಡಿ ಸೀನುಗಳು, ಎನ್.ಎಸ್. ರಾವ್ ಜೊತೆಗಿನ ಜಟಾಪಟಿ. ಇನ್ನೂ ಕೆಳಗೆ ಹೋದರೆ ಮಂತ್ರಿಯಾಗಿದ್ದಾಗಿನ ಭಾಷಣ. ನಾನು ಹುಡುಕುತ್ತಿದ್ದದ್ದು ಸಾಕವ್ವನನ್ನು. ಎರಡು ಸಂಜೆ ಹುಡುಕಿದೆ, ನನಗೆ ಬೇಕಾದಂತೆ ಪೂರ್ತಿ ನಾಟಕ ಸಿಗಲಿಲ್ಲ.

ಸಾಕವ್ವ ಯಾರು ಅಂತ ಕೇಳಿದರೆ ನಮ್ಮ ಆಫೀಸಿನ ಹತ್ತು ಜನರಲ್ಲಿ ಒಬ್ಬರು ಹೇಳಿಯಾರು. ದೇವನೂರ ಮಹಾದೇವ ಅವರ ‘ಒಡಲಾಳ’ದ ಮುದುಕಿ ಆಕೆ. ಕಳೆದುಹೋದ ಹುಂಜವನ್ನು ಹುಡುಕುತ್ತಾ ಊರೆಲ್ಲ ಅಲೆಯುವವಳು. ಆ ರಾತ್ರಿ ಆಕೆಯ ಗುಡಿಸಿಲಲ್ಲಿ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಕೂತು ತಿಂದು ಮುಗಿಸುತ್ತಾರೆ, ಸಿಪ್ಪೆಯೂ ಉಳಿಯಬಾರದು. ಬೆಳಗಾದರೆ ಬಾಗಿಲಿಗೆ ಪೊಲೀಸರು. ಪುಸ್ತಕ ಸಣ್ಣದು, ಒಂದು ಬಸ್ ಪ್ರಯಾಣದಲ್ಲಿ ಮುಗಿಯುತ್ತದೆ. ನಾನು ಓದಿದ್ದು ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ, ಫೋನಿನ ಟಾರ್ಚು ಹಿಡಿದು. ಹಸಿವನ್ನು ಹೀಗೆ ನಗುತ್ತಾ ಬರೆಯಬಹುದು ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇದನ್ನು ಸಿಜಿಕೆ, ಅಂದರೆ ಸಿ.ಜಿ. ಕೃಷ್ಣಸ್ವಾಮಿ, ರಂಗಕ್ಕೆ ತಂದರು. ಸಾಕವ್ವನ ಪಾತ್ರ ಉಮಾಶ್ರೀ ಅವರದು. ಲೆಕ್ಕ ಹಾಕಿ ನೋಡಿ. ಅವರು ಹುಟ್ಟಿದ್ದು 1957ರಲ್ಲಿ, ತಿಪಟೂರು ತಾಲೂಕಿನ ನೊಣವಿನಕೆರೆಯಲ್ಲಿ. ಅಂದರೆ ಆ ಮುದುಕಿಯ ಪಾತ್ರಕ್ಕೆ ಬೆನ್ನು ಬಾಗಿಸಿ ನಿಂತಾಗ ಅವರಿನ್ನೂ ಮೂವತ್ತರ ಆಚೀಚೆಯ ಹೆಣ್ಣುಮಗಳು. ನೋಡಿದವರು ಇವತ್ತಿಗೂ ಅದರ ಮಾತಾಡುತ್ತಾರೆ. ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಕಾಲೇಜು ದಿನಗಳಲ್ಲಿ ನೋಡಿದ್ದರಂತೆ. ನಾಟಕ ಮುಗಿದು ಕಲಾವಿದರು ಸಾಲಾಗಿ ಬಂದು ನಿಂತಾಗ ಸಾಕವ್ವ ಯಾರು ಅಂತ ಗುರುತು ಸಿಗಲಿಲ್ಲ ಅಂದರು. ನಡು ನೆಟ್ಟಗಾಗಿತ್ತು, ಮುಖದ ಸುಕ್ಕು ಹೋಗಿತ್ತು, ಚುರುಕು ಕಣ್ಣಿನ ಚಿಕ್ಕ ವಯಸ್ಸಿನಾಕೆ ಕೈ ಮುಗಿದು ನಿಂತಿದ್ದಳಂತೆ. ಇಷ್ಟೇ ನನಗೆ ಸಿಕ್ಕಿದ್ದು. ಒಂದು ಇಡೀ ಪಾತ್ರದಿಂದ ಉಳಿದದ್ದು ಇನ್ನೊಬ್ಬರ ನೆನಪಿನ ನಾಲ್ಕು ಸಾಲು.

ಹಾಗೆ ನೋಡಿದರೆ ಅದೇ ಉಮಾಶ್ರೀ ಅವರನ್ನು ಸಿನಿಮಾ ಹೇಗೆ ನೋಡಿತು? 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂತು, ಜನ ಗುರುತಿಸಿದರು. ಆಮೇಲೆ ಸಾಲುಸಾಲಾಗಿ ಕಾಮಿಡಿ. ಎಂಬತ್ತು ತೊಂಬತ್ತರ ದಶಕದ ಕನ್ನಡ ಸಿನಿಮಾದಲ್ಲಿ ಹಾಸ್ಯ ನಟಿಗೆ ಕೊಡುತ್ತಿದ್ದ ಸಂಭಾಷಣೆ ಎಂಥದ್ದು ಅಂತ ನಿಮಗೇ ಗೊತ್ತು. ಬರೆದವರು ಗಂಡಸರು, ಶಿಳ್ಳೆ ಹೊಡೆದವರು ಗಂಡಸರು, ಕೆಟ್ಟ ಹೆಸರು ಮಾತ್ರ ಹೇಳಿದವಳಿಗೆ. ಈ ಮಾತನ್ನು ನಾನು ಸ್ವಲ್ಪ ಖಾರವಾಗಿಯೇ ಹೇಳುತ್ತಿದ್ದೇನೆ, ಯಾಕಂದರೆ ನಮ್ಮೂರ ಕಟ್ಟೆಯಲ್ಲಿ ಇವತ್ತಿಗೂ ಅವರ ಹೆಸರು ಬಂದರೆ ಕೆಲವು ಹಿರಿಯರ ತುಟಿಯಲ್ಲಿ ಒಂದು ನಗು ಬರುತ್ತದೆ. ಆ ನಗು ನನಗೆ ಸೇರುವುದಿಲ್ಲ. ಇಬ್ಬರು ಮಕ್ಕಳನ್ನು ಒಬ್ಬಳೇ ಸಾಕಬೇಕಿತ್ತು ಅಂತ ಉಮಾಶ್ರೀ ತಾವೇ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ರಂಗಭೂಮಿ ಸಾಕವ್ವನನ್ನು ಕೊಡಬಲ್ಲದು, ಮಕ್ಕಳ ಸ್ಕೂಲ್ ಫೀಸು ಕೊಡಲಾರದು. ಹವ್ಯಾಸಿ ರಂಗಭೂಮಿಯಂತೂ ಎಷ್ಟೋ ಸಲ ಬಸ್ ಚಾರ್ಜನ್ನೂ ಕೊಡುವುದಿಲ್ಲ.

ಅದೇ ಸಿನಿಮಾ ಕೊನೆಗೆ ಸಾಲ ತೀರಿಸಿತು ಅನ್ನಬೇಕು. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆ, ಕರಾವಳಿಯ ಮೀನುಗಾರರ ಊರು, ಕಾರ್ಗಿಲ್ ಯುದ್ಧದ ಕಾಲ. ಗುಲಾಬಿ ಒಬ್ಬ ಮುಸ್ಲಿಂ ಸೂಲಗಿತ್ತಿ. ಗಂಡ ಬಿಟ್ಟು ಬೇರೆ ಸಂಸಾರ ಮಾಡಿದ್ದಾನೆ, ಆಕೆಗಿರುವ ಒಂದೇ ಹುಚ್ಚು ಸಿನಿಮಾ. ಒಂದು ಹೆರಿಗೆ ಮಾಡಿಸಿದ್ದಕ್ಕೆ ಮನೆಗೆ ಟಿವಿ ಬರುತ್ತದೆ, ಮೇಲೆ ಡಿಶ್. ಕೇರಿಯ ಹೆಂಗಸರೆಲ್ಲ ಅವಳ ಮನೆಗೆ ಬಂದು ಕೂರುತ್ತಾರೆ. ಆಮೇಲೆ ಊರಿನ ಗಾಳಿ ಬದಲಾಗುತ್ತದೆ, ಬಂದು ಕೂತವರೇ ದೂರವಾಗುತ್ತಾರೆ. ನಾನು ಇದನ್ನು ಪಿಜಿಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಉಮಾಶ್ರೀ ಅದರಲ್ಲಿ ಜೋರಾಗಿ ಅಳುವುದೇ ಇಲ್ಲ ಅನ್ನಬಹುದು. ಟಿವಿಯ ಬೆಳಕು ಮುಖದ ಮೇಲೆ ಬೀಳುತ್ತಿರುವಾಗ ಬಾಯಿ ಸ್ವಲ್ಪ ತೆರೆದು ನೋಡುತ್ತಾ ಕೂರುವ ಹೆಂಗಸು, ಅಷ್ಟೇ. ಜೀವಮಾನವಿಡೀ ಪರದೆಯ ಆ ಕಡೆ ನಿಂತವರು ಪರದೆಯ ಈ ಕಡೆ ಕೂತವಳ ಪಾತ್ರ ಮಾಡಿದರು. ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬಂತು. ಕಾಮಿಡಿ ನಟಿ ಅಂತ ಪಕ್ಕಕ್ಕಿಟ್ಟಿದ್ದ ಜನ ‘ಅರೇ, ಇವರು ಇಷ್ಟು ಚೆನ್ನಾಗಿ ಮಾಡ್ತಾರಾ’ ಅಂದರು. ಸಾಕವ್ವನನ್ನು ನೋಡಿದವರಿಗೆ ಆ ಆಶ್ಚರ್ಯ ಆಗಿರಲಿಕ್ಕಿಲ್ಲ.

ರಾಜಕಾರಣದ ಕಥೆ ಇಲ್ಲಿ ಬೇಡ, ಅದು ಬೇರೆಯೇ ಅಂಕಣವಾದೀತು. ತೇರದಾಳದಿಂದ 2013ರಲ್ಲಿ ಗೆದ್ದು ಮಂತ್ರಿಯಾದರು, ಕನ್ನಡ ಮತ್ತು ಸಂಸ್ಕೃತಿ ಖಾತೆಯೂ ಅವರ ಬಳಿ ಇತ್ತು ಅನ್ನುವುದಷ್ಟು ಸಾಕು. ಆ ಮಗ್ಗದ ಊರುಗಳ ಶಾಸಕಿಯಾದ ಮೇಲೆ ಇತ್ತ ಕಡೆಯವರಿಗೂ ಅವರು ‘ನಮ್ಮಾಕಿ’ ಆದರು. ನನಗೆ ಹೆಚ್ಚು ಇಷ್ಟವಾಗುವ ಸಂಗತಿ ಬೇರೆ. ಅಧಿಕಾರ ನೋಡಿ ಬಂದ ಮೇಲೂ ಅವರು ಬೇಲೂರು ರಘುನಂದನ್ ಬರೆದ ‘ಶರ್ಮಿಷ್ಠೆ’ಯನ್ನು ಒಬ್ಬರೇ ರಂಗದ ಮೇಲೆ ಹೊತ್ತರು. 2025ರಲ್ಲಿ ಹೊನ್ನಾವರದಲ್ಲಿ ಗೆಜ್ಜೆ ಕಟ್ಟಿ ಯಕ್ಷಗಾನದ ಮಂಥರೆಯಾದರು. ಮತ್ತೆ ಬೆನ್ನು ಬಾಗಿದ ಮುದುಕಿ. ಈ ಸಲ ವಯಸ್ಸು ಅರವತ್ತೇಳು.

ಇಂಥವರು ಹಿಂತಿರುಗಿ ನೋಡಿದರೆ ಕಾಣಲು ಏನೋ ಇರುತ್ತದೆ. ಸಿನಿಮಾ ಇದೆ, ಧಾರಾವಾಹಿ ಇದೆ, ಸಂದರ್ಶನಗಳಿವೆ. ಬಿ. ಜಯಶ್ರೀ ಅವರನ್ನೇ ತೆಗೆದುಕೊಳ್ಳಿ. ಗುಬ್ಬಿ ವೀರಣ್ಣನವರ ಮೊಮ್ಮಗಳು, ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು, 1976ರಲ್ಲಿ ‘ಸ್ಪಂದನ’ ಕಟ್ಟಿದವರು. ಪ್ರೀತಿ ನಾಗರಾಜ್ ಅವರಿಗೆ ತಮ್ಮ ಕಥೆ ಹೇಳಿದರು, ‘ಕಣ್ಣಾಮುಚ್ಚೇ ಕಾಡೇ ಗೂಡೇ’ ಅಂತ ಪುಸ್ತಕವಾಯಿತು. ಸಿಕ್ಕರೆ ಓದಿ. ಎಷ್ಟೋ ಸಿನಿಮಾ ನಾಯಕಿಯರ ಬಾಯಿಂದ ನಾವು ಕೇಳಿದ ಕನ್ನಡ ಅವರ ಗಂಟಲಿನದು. ಹೀಗೆ ಧ್ವನಿ ಕೊಟ್ಟವರ ಹೆಸರೂ ಈಗ ಪುಸ್ತಕದಲ್ಲಿ ಭದ್ರವಾಗಿದೆ.

ನಾನು ಈ ಅಂಕಣ ಬರೆಯಲು ಕೂತಿದ್ದು ಪುಸ್ತಕವಾಗದ ಒಬ್ಬರ ಸಲುವಾಗಿ.

ನಮ್ಮೂರು ಚಿಕ್ಕನರಗುಂದ. ನರಗುಂದದ ಮಗ್ಗಲಿಗೇ ಇರುವ ಎರೆಭೂಮಿಯ ಊರು. 1980ರ ರೈತ ಬಂಡಾಯದ ಗೋಲಿಬಾರಿನಲ್ಲಿ ಸತ್ತ ವೀರಪ್ಪ ಕಡ್ಲಿಕೊಪ್ಪ ಇದೇ ಊರಿನವರು. ಹೀಗಾಗಿ ಸಾಕವ್ವನ ಬಾಗಿಲಿಗೆ ಪೊಲೀಸರು ಬರುವ ಪುಟ ಓದುವಾಗ ನನಗೆ ಊರ ಹಿರಿಯರ ಮಾತು ನೆನಪಾಗಿತ್ತು. ಅದಿರಲಿ. ಮೊನ್ನೆ ಊರಿಗೆ ಹೋದಾಗ ಅವ್ವ ಪುಟ್ಟಕ್ಕನನ್ನು ನೋಡುತ್ತಾ ರೊಟ್ಟಿಗೆ ಹಿಟ್ಟು ಸಾಣಿಸುತ್ತಿದ್ದಳು. ಒಂದು ಸೀನಿನಲ್ಲಿ ಕೈ ನಿಲ್ಲಿಸಿ ಅಂದಳು: “ಹಿಂಗ ಅಳೋದು ನಾ ಒಮ್ಮೆ ನೋಡೇನಿ. ನಮ್ಮೂರ ಜಾತ್ರಿ ನಾಟಕಕ್ಕ ಒಬ್ಬಾಕಿ ಬರ್ತಿದ್ಲು ನೋಡು, ತಾಯಿ ಪಾತ್ರದಾಕಿ. ಆಕಿ ಅತ್ರ ಗಂಡಸರೂ ಟವೆಲ್ ತಗೀತಿದ್ರು.”

“ಈಗ ಎಲ್ಲಿದ್ದಾರ ಬೇ?” ಅಂದೆ.

“ಗದಗಿನ್ಯಾಗ ಅದಾಳಂತ. ನಿಮ್ಮ ಕಾಕಾಗ ಗೊತ್ತೈತಿ.”

ಇಲ್ಲಿ ಸ್ವಲ್ಪ ಜಾತ್ರೆ ನಾಟಕದ ವಿಷಯ ಹೇಳಬೇಕು. ಬೆಂಗಳೂರಿನಲ್ಲಿ ಟಿಕೆಟ್ ಬುಕ್ ಮಾಡಿ ನಾಟಕ ನೋಡುವವರಿಗೆ ಇದು ಬೇರೆ ಲೋಕ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಜಾತ್ರೆ, ಜಾತ್ರೆ ಅಂದ ಮೇಲೆ ನಾಟಕ. ಊರ ಹುಡುಗರೇ ಪಾತ್ರಧಾರಿಗಳು. ಎರಡು ಮೂರು ತಿಂಗಳು ಮೊದಲೇ ತಾಲೀಮು ಶುರು. ಪೇಟಿ ಮಾಸ್ತರ ಬಂದು ಊರಲ್ಲೇ ಉಳಿಯುತ್ತಾರೆ, ಅವರಿಗೆ ದಿನಕ್ಕೊಂದು ಮನೆಯ ಊಟ. ಪಾತ್ರಕ್ಕೆ ತಕ್ಕಂತೆ ಪಟ್ಟಿ ಹಾಕುತ್ತಾರೆ. ಹೀರೋ ಆಗಬೇಕೆಂದರೆ ಜಾಸ್ತಿ ದುಡ್ಡು, ಸಿಪಾಯಿ ಪಾತ್ರಕ್ಕೆ ಕಮ್ಮಿ. ಹೀಗಾಗಿ ನಮ್ಮೂರಲ್ಲಿ ನಟನೆ ಬರುವವನಿಗಿಂತ ಹತ್ತಿಗೆ ರೇಟು ಸಿಕ್ಕವನೇ ಹೀರೋ ಆದ ವರ್ಷಗಳುಂಟು. ಸೀನರಿ, ಲೈಟು, ಮೈಕು ಎಲ್ಲ ಬಾಡಿಗೆ. ಹ್ಯಾಂಡ್‌ಬಿಲ್ಲಿನಲ್ಲಿ ನಾಟಕಕ್ಕೆ ಎರಡು ಹೆಸರು, ನಡುವೆ ಒಂದು ‘ಅರ್ಥಾತ್’. ಯಾಕೆ ಎರಡು ಹೆಸರು ಅಂತ ನಾನು ಸಣ್ಣವಳಿದ್ದಾಗ ಕಾಕಾನನ್ನು ಕೇಳಿದ್ದೆ. “ಒಂದು ತಿಳಿಲಿಲ್ಲಂದ್ರ ಇನ್ನೊಂದು ತಿಳೀಲಿ ಅಂತ” ಅಂದಿದ್ದ.

ಹೆಣ್ಣು ಪಾತ್ರಕ್ಕೆ ಮಾತ್ರ ಊರ ಹೆಣ್ಣುಮಕ್ಕಳು ಬಾರರು. ಬರುವುದಿಲ್ಲ ಅನ್ನುವುದಕ್ಕಿಂತ ಬಿಡುವುದಿಲ್ಲ ಅನ್ನಬೇಕು. ಹಿಂದೆ ಆ ಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದರು. ನೂರು ದಾಟಿ ಬದುಕಿದ ಏಣಗಿ ಬಾಳಪ್ಪನವರು ಮೊದಲು ಹೆಸರಾದದ್ದೇ ಸ್ತ್ರೀ ಪಾತ್ರಗಳಿಂದ. ಆಮೇಲೆ ಕಂಪನಿಗಳಲ್ಲಿ ನಟಿಯರು ಬಂದರು, ಕಂಪನಿಗಳು ಒಂದೊಂದೇ ಕ್ಯಾಂಪ್ ಎತ್ತಿದ ಮೇಲೆ ಅಲ್ಲಿದ್ದ ಎಷ್ಟೋ ನಟಿಯರು ಹಳ್ಳಿ ನಾಟಕಕ್ಕೆ ತಿರುಗಿದರು. ಒಂದು ರಾತ್ರಿಗೆ ಇಷ್ಟು ಅಂತ ಮಾತು, ಅಡ್ವಾನ್ಸು, ಬಸ್ ಚಾರ್ಜು ಬೇರೆ. ಸಂಜೆ ಬಸ್ಸಿಗೆ ಟ್ರಂಕು ಹಿಡಿದು ಇಳಿಯುವುದು, ಒಂದು ತಾಸು ಊರ ಹುಡುಗರ ಜೊತೆ ಮಾತು ಕೂಡಿಸಿಕೊಳ್ಳುವುದು, ರಾತ್ರಿ ಹತ್ತಕ್ಕೆ ಮುಖಕ್ಕೆ ಬಣ್ಣ, ಬೆಳಗಿನ ತನಕ ನಾಟಕ, ಮೊದಲ ಬಸ್ಸಿಗೆ ವಾಪಸು. ಮರುದಿನ ಇನ್ನೊಂದು ಊರು, ಇನ್ನೊಂದು ನಾಟಕ. ಮೂರು ತಿಂಗಳು ತಾಲೀಮು ಮಾಡಿದ ನಮ್ಮ ಹೀರೋ ಮಾತು ಮರೆತು ನಿಂತರೆ ಇವರೇ ಅವನ ಮಾತನ್ನೂ ಸೇರಿಸಿ ಹೇಳಿ ಸೀನು ದಾಟಿಸಬೇಕು.

ಕಾಕಾನ ಜೊತೆ ಗದಗಿಗೆ ಹೋದೆ. ಸಣ್ಣ ಓಣಿ, ಎರಡು ಕೋಣೆ ಮನೆ. ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕಾಲು ನೋವು, ಆದರೆ ಬಾಗಿಲಲ್ಲಿ “ಬರ್ರಿ” ಅಂದ ಧ್ವನಿ ಓಣಿಯ ಆ ತುದಿಗೆ ಕೇಳುವಂತಿತ್ತು. ಮೈಕಿಲ್ಲದ ಕಾಲದಲ್ಲಿ ಕಲಿತ ಗಂಟಲು. ಅವರ ಹೆಸರು ಬರೆಯುವುದಿಲ್ಲ, ಕಾರಣ ಕೊನೆಗೆ ಗೊತ್ತಾಗುತ್ತದೆ. ಟಿವಿ ನಡೆದಿತ್ತು, ಅದರಲ್ಲೂ ಪುಟ್ಟಕ್ಕ.

“ದಿನಾ ನೋಡ್ತೀರೇನ್ರಿ ಅಮ್ಮಾರ?” ಅಂದೆ.

“ನೋಡ್ತೀನಿ ತಂಗಿ. ಆಕಿ ನಾಟಕದಾಗಿನ್ಯಾಕಿ. ಉಸಿರು ಎಲ್ಲಿ ತಗೋಬೇಕು ಆಕಿಗೆ ಗೊತ್ತೈತಿ. ಉಳಿದ ಹುಡುಗ್ಯಾರು ಕ್ಯಾಮೆರಾ ಬಂದಾಗ ಅಳ್ತಾರ. ಈಕಿ ಕ್ಯಾಮೆರಾ ಬರೋಕಿಂತ ಮೊದ್ಲ ಅಳಾಕ ಶುರು ಮಾಡಿರ್ತಾಳ, ಅದು ಬರೂತನಾ ಅರ್ಧಾ ನುಂಗಿರ್ತಾಳ.”

ನಟನೆಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನಿಖರವಾಗಿರಲಿಲ್ಲ. ಆಮೇಲೆ ಆ ಸೀನನ್ನು ಎರಡು ಸಲ ನೋಡಿದೆ. ನಿಜ.

ಅವರು ಹಿಂತಿರುಗಿ ನೋಡಿದ್ದು ವರ್ಷದ ಲೆಕ್ಕದಲ್ಲಿ ಅಲ್ಲ, ನಾಟಕ ಮತ್ತು ಊರಿನ ಲೆಕ್ಕದಲ್ಲಿ. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ ಎಷ್ಟು ಊರಲ್ಲಿ ಮಾಡಿದರೋ ಅವರಿಗೇ ನೆನಪಿಲ್ಲ. 1974ರಲ್ಲಿ ರಾಜಕುಮಾರ್ ಅವರ ಸಿನಿಮಾ ಆಯಿತಲ್ಲ, ಅದೇ ನಾಟಕ. ಸಿನಿಮಾ ಬಂದ ಮೇಲೆ ಹಳ್ಳಿ ಹಳ್ಳಿಯಲ್ಲಿ ಅದಕ್ಕೇ ಬೇಡಿಕೆ. ಆದರೆ ಜನ ಎಮ್ಮೆಯ ಮೇಲಿನ ಹಾಡನ್ನೂ ಬೇಕು ಅನ್ನುತ್ತಿದ್ದರಂತೆ. “ಎಮ್ಮಿ ಎಲ್ಲಿಂದ ತರೋದ್ರಿ ಸ್ಟೇಜಿನ ಮ್ಯಾಲೆ? ಒಂದೂರಾಗ ತಂದೇ ಬಿಟ್ರು. ಎಮ್ಮಿ ಲೈಟಿಗೆ ಹೆದರಿ ಸೀನರಿ ಹರಕೊಂಡು ಓಡಿತು. ಆ ಅಂಕ ಅಲ್ಲಿಗೇ ಮುಗೀತು.” ಕಾಕಾ ನಗಲು ಹೋಗಿ ಕೆಮ್ಮಿದ.

ಮೊದಲು ನಾಯಕಿಯ ಪಾತ್ರ, ಮೂವತ್ತೈದಕ್ಕೆ ತಾಯಿಯ ಪಾತ್ರ. ಅದು ಯಾರೂ ಹೇಳಿ ಆದದ್ದಲ್ಲ, ಒಂದು ವರ್ಷ ಅಡ್ವಾನ್ಸು ಕೊಡಲು ಬಂದವರು “ಈ ಸಲ ತಾಯಿ ಮಾಡ್ರಿ, ಹೀರೋಯಿನ್‌ಗೆ ಬ್ಯಾರೆದಾಕಿ ಮಾತಾಡೇವಿ” ಅಂದರಂತೆ. ಒಂದು ದಿನ ಅತ್ತು, ಮರುದಿನ ಬಿಳಿ ಸೀರೆ ತಂದರು. ಒಂದೇ ಒಂದು ಸಿನಿಮಾ ಶೂಟಿಂಗು. ಹುಬ್ಬಳ್ಳಿ ಕಡೆ ಎಲ್ಲೋ ನಡೆದಿತ್ತು, ಹೆಣದ ಮುಂದೆ ಅಳುವ ಹೆಂಗಸರ ಗುಂಪಿಗೆ ಕರೆದಿದ್ದರು. ಇವರು ಜೋರಾಗಿ ಹಾಡಿಕೊಂಡು ಅತ್ತರು. ಶೂಟಿಂಗಿನವರು ಕಟ್ ಮಾಡಿ, ಅಮ್ಮಾ ನೀವು ಹಿಂದಿನ ಸಾಲಿಗೆ ಹೋಗಿ, ಜನ ನಿಮ್ಮನ್ನೇ ನೋಡ್ತಾರೆ ಅಂದರು. “ನೋಡಲಿ ಅಂತನ ಅಲ್ಲೇನ್ರಿ ಅಳೋದು?” ಅಂದರು ನಮ್ಮನ್ನು ನೋಡಿ. ಆ ಸಿನಿಮಾ ಬಂತೋ ಇಲ್ಲವೋ ಗೊತ್ತಿಲ್ಲ.

ಆಯೇರಿಯ ಮಾತು ಬಂದಾಗ ದನಿ ಸ್ವಲ್ಪ ಇಳಿಯಿತು. ನಾಟಕದ ನಡುವೆ ಮೆಚ್ಚಿದವರು ನೋಟು ತಂದು ಕೊಡುವುದು, ಮೈಕಿನಲ್ಲಿ ಅವರ ಹೆಸರು ಕೂಗುವುದು ನಮ್ಮ ಕಡೆಯ ರೂಢಿ. ನೋಟನ್ನು ಕೈಗೆ ಕೊಟ್ಟರೆ ಸರಿ. ಸೆರಗಿಗೆ ತಾವೇ ಪಿನ್ನು ಹಚ್ಚುತ್ತೇವೆ ಅಂತ ಬರುವವರೂ ಇದ್ದರು. “ಆಗ ನಾ ಒಂದ ಕೆಲಸ ಮಾಡ್ತಿದ್ದೆ. ಸ್ಟೇಜಿನ ಮ್ಯಾಲ ಮಗನ ಪಾತ್ರದವ ಇರ್ತಾನಲ್ಲ, ‘ಮಗನ, ಇಸ್ಕೋಪಾ’ ಅಂತ ಪಾತ್ರದಾಗಿದ್ದುಕೊಂಡನ ಅವಗ ಹೇಳ್ತಿದ್ದೆ. ಮಂದಿ ನಗ್ತಿದ್ರು, ಬಂದಾವ ಕೊಟ್ಟು ಇಳೀತಿದ್ದ.” ಇವತ್ತು ಆಫೀಸುಗಳಲ್ಲಿ ಇಂಥದ್ದಕ್ಕೆ ಕಮಿಟಿಗಳಿವೆ, ತರಬೇತಿಗಳಿವೆ. ಇವರಿಗೆ ಇದ್ದದ್ದು ಪಾತ್ರ ಬಿಡದೆ ನಿಂತು ಹೇಳಿದ ಎರಡು ಮಾತು.

ಮಗಳನ್ನು ಶಾಲೆಗೆ ಹಾಕುವಾಗ ಅರ್ಜಿಯಲ್ಲಿ ತಾಯಿಯ ಉದ್ಯೋಗ ಅನ್ನುವಲ್ಲಿ ಹೊಲಿಗೆ ಅಂತ ಬರೆಸಿದ್ದರಂತೆ. ಹೊಲಿಗೆ ಬರುತ್ತದೆಯೇ ಅಂದರೆ, ಹರಿದ ಝರಿ ಸೀರೆಗೆ ತೇಪೆ ಹಾಕುವಷ್ಟು ಬರುತ್ತದೆ. ಮಗಳು ಈಗ ನರ್ಸು, ಬೇರೆ ಊರಿನಲ್ಲಿದ್ದಾಳೆ. ಅಳಿಯನ ಮನೆಯವರಿಗೆ ಇವತ್ತಿಗೂ ಹೊಲಿಗೆಯೇ ಗೊತ್ತಿರುವುದು. ನಾನು ಹೆಸರು ಬರೆಯದ ಕಾರಣ ಇದು.

ಹಾಗಾದರೆ ನಾವು ಅಲ್ಲಿಗೆ ಹೋದ ದಿನವೇ ಕಾಕಾ ಜೇಬಿನಿಂದ ಒಂದು ಅರ್ಜಿ ತೆಗೆದದ್ದು ಯಾಕೆ ಅಂತ ಹೇಳಬೇಕು. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಸರ್ಕಾರದ ಮಾಸಾಶನವಿದೆ. ವಯಸ್ಸು 58 ದಾಟಿರಬೇಕು, ಕಲಾಸೇವೆ ಮಾಡಿದ್ದಕ್ಕೆ ದಾಖಲೆ ಬೇಕು. ಕರಪತ್ರ, ಫೋಟೊ, ಪೇಪರಿನ ತುಣುಕು, ಪ್ರಮಾಣಪತ್ರ, ಇಂಥದ್ದೇನಾದರೂ. ಕೇಳುವುದು ನ್ಯಾಯವೇ, ಇಲ್ಲದಿದ್ದರೆ ಬಣ್ಣ ಹಚ್ಚದವರೂ ಸಾಲು ನಿಂತಾರು. ಆದರೆ ಇಡೀ ಬದುಕನ್ನು ಸ್ಟೇಜಿನ ಮೇಲೆ ಕಳೆದವರ ಮನೆಯಲ್ಲಿ ಒಂದು ಫೋಟೊ ಇರಲಿಲ್ಲ. ಇದ್ದವುಗಳನ್ನು ಮಗಳ ಮದುವೆಗೆ ಮುಂಚೆ ಅವರೇ ಒಲೆಗೆ ಹಾಕಿದ್ದರು. ಟ್ರಂಕು ಇತ್ತು, ಅದರಲ್ಲಿ ಈಗ ಗೋಧಿ.

ಹ್ಯಾಂಡ್‌ಬಿಲ್ಲುಗಳ ಕಥೆ ಇನ್ನೊಂದು. ಪಟ್ಟಿ ಕೊಟ್ಟ ಊರ ಹುಡುಗರ ಹೆಸರೆಲ್ಲ ಅದರಲ್ಲಿ ಇರಲೇಬೇಕು, ಸಿಪಾಯಿಯದೂ ಕೂಡ, ಇಲ್ಲದಿದ್ದರೆ ಜಗಳ. ಹೀರೋಯಿನ್ ಹೆಸರು ದೊಡ್ಡದಾಗಿ, ಯಾಕಂದರೆ ಅದನ್ನು ನೋಡಿ ಜನ ಬರಬೇಕು. ತಾಯಿ ಪಾತ್ರದವರಿಗೆ ಎಷ್ಟೋ ಸಲ ಸಿಗುತ್ತಿದ್ದುದು ‘ಮತ್ತು ಗದಗಿನ ಸುಪ್ರಸಿದ್ಧ ಕಲಾವಿದೆಯರು’ ಅನ್ನುವ ಸಾಲಿನೊಳಗಿನ ಜಾಗ. ಹೆಸರು ಹಾಕಿದರೂ ಅದು ಕಂಪನಿ ಮಾಲೀಕರು ಇಟ್ಟ ಸ್ಟೇಜಿನ ಹೆಸರು. ಆಧಾರ್ ಕಾರ್ಡಿನಲ್ಲಿರುವುದು ಅಪ್ಪ ಅವ್ವ ಇಟ್ಟ ಹೆಸರು. ಎರಡಕ್ಕೂ ಒಂದಕ್ಷರದ ಸಂಬಂಧವಿಲ್ಲ.

ಊರಿಗೆ ಬಂದು ಕಾಕಾನ ಅಟ್ಟ ಹತ್ತಿದೆವು. ಕಾಕಾ ಹತ್ತು ಹನ್ನೆರಡು ವರ್ಷ ವಿಲನ್ ಪಾತ್ರ ಮಾಡಿದವನು. ಹೀರೋ ಆಗಲು ದುಡ್ಡಿರಲಿಲ್ಲ ಅನ್ನುತ್ತಾನೆ, ಮುಖವೇ ಹಾಗಿತ್ತು ಅಂತ ಅವ್ವ ಅನ್ನುತ್ತಾಳೆ. ತನ್ನ ಹೆಸರಿರುವ ಹ್ಯಾಂಡ್‌ಬಿಲ್ಲುಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ. ಗುಲಾಬಿ, ಹಳದಿ, ತಿಳಿಹಸಿರು ಕಾಗದ. ಮಡಿಕೆಯ ಕಡೆ ಹರಿದಿದ್ದವು, ಇಲಿ ಕಡಿದಿದ್ದವು. ಒಂದೊಂದನ್ನೂ ಬಿಡಿಸಿ ನೆಲದ ಮೇಲೆ ಹರವಿ ಫೋನಿನಲ್ಲಿ ಫೋಟೊ ತೆಗೆದೆ. ಮೂವತ್ತೊಂದು ಇದ್ದವು. ಅವುಗಳಲ್ಲಿ ಅವರ ಸ್ಟೇಜಿನ ಹೆಸರು ಸಿಕ್ಕಿದ್ದು ನಾಲ್ಕರಲ್ಲಿ. ಒಂದರಲ್ಲಿ ಕಾಗುಣಿತ ತಪ್ಪು.

ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಮಾಡಿಸುವ ಕೆಲಸ ನರಗುಂದದ ಪರಿಚಯದ ವಕೀಲರೊಬ್ಬರು ಒಪ್ಪಿಕೊಂಡಿದ್ದಾರೆ. ಇನ್ನೂ ಒಂದಿಷ್ಟು ಕಾಗದ ಸಿಕ್ಕರೆ ಅರ್ಜಿ ಗಟ್ಟಿಯಾಗುತ್ತದೆ ಅಂದರು. ಸುತ್ತಲಿನ ಊರುಗಳಲ್ಲಿ ಕಾಕಾನಂಥ ಹಳೇ ವಿಲನ್‌ಗಳಿದ್ದಾರೆ, ಅವರ ಅಟ್ಟಗಳಲ್ಲೂ ಡಬ್ಬಿಗಳಿರುತ್ತವೆ. ಅವನೀಗ ಸೈಕಲ್ ಮೋಟಾರಿನಲ್ಲಿ ಊರೂರು ಸುತ್ತುತ್ತಿದ್ದಾನೆ, ಪೆಟ್ರೋಲಿನ ಖರ್ಚು ನನ್ನದು. ನಿಮ್ಮ ಊರಿನ ಮನೆಯಲ್ಲೂ ಅಂಥ ಡಬ್ಬಿ ಇದ್ದರೆ ರದ್ದಿಗೆ ಹಾಕುವ ಮುಂಚೆ ಒಂದು ಫೋಟೊ ತೆಗೆದಿಡಿ, ಯಾವ ಪಾತ್ರ ಯಾರದು ಅಂತ ಮನೆಯ ಹಿರಿಯರನ್ನು ಕೇಳಿ ಹಿಂದೆ ಬರೆದಿಡಿ.

ಅಳಿಯನ ಮನೆಯವರಿಗೆ ಗೊತ್ತಾದರೆ ಏನು ಮಾಡುವುದು ಅಂತ ಕಾಕಾ ಫೋನಿನಲ್ಲಿ ಕೇಳಿದ. “ದುಡ್ಡು ಬ್ಯಾಂಕಿಗೆ ಬಂದ ಮ್ಯಾಲ ನಾನ ಹೇಳ್ತೀನಿ” ಅಂದರಂತೆ, “ಅಲ್ಲೀತನಕ ಹೊಲಿಗೀನ ಇರ್ಲಿ.”

ನಾಲ್ಕು ಫೋಟೊಗಳನ್ನು ಪಕ್ಕದ ಮನೆ ಹುಡುಗನ ಫೋನಿಗೆ ಕಳಿಸಿದೆ. ಅರ್ಧ ತಾಸಿಗೆ ಆ ಹುಡುಗನ ನಂಬರಿನಿಂದಲೇ ಒಂದು ವಾಯ್ಸ್ ಮೆಸೇಜ್ ಬಂತು. ಹೆಸರು ತಪ್ಪು ಅಚ್ಚಾಗಿದ್ದ ಆ ಹಳದಿ ಕಾಗದದ ಬಗ್ಗೆ.

“ಇದು ನಿಮ್ಮೂರಿಂದ ತಂಗಿ. ಅವತ್ತು ಎರಡನೇ ಅಂಕದಾಗ ಮಳಿ ಬಂತು. ಮಂದಿ ಎದ್ದು ಹೋಗ್ತಾರ ಅಂದ್ಕೊಂಡ್ವಿ. ಚೀಲ ತಲಿ ಮ್ಯಾಲ ಹೊತ್ಕೊಂಡು ಕುಂತ್ರು. ಬಣ್ಣ ಇಳದು ಕಣ್ಣಾಗ ಬರ್ತಿತ್ತು, ನಾ ಅಳೋದು ಯಾವ್ದು ಮಳಿ ಯಾವ್ದು ಅವ್ರಿಗೂ ತಿಳೀಲಿಲ್ಲ, ನನಗೂ ತಿಳೀಲಿಲ್ಲ. ಮುಂಜಾನೆ ಪಗಾರ ಪೂರ್ತಿ ಕೊಟ್ರು ನಿಮ್ಮೂರವ್ರು. ಅದರ ಮ್ಯಾಲ ಒಂದು ಸೇರು ಕಡ್ಲಿ.”